ಒಂದು ಗಂಟೆಯ ಕೆಂಪು

ಗಾಜಿನ ನಳಿಗೆಯಲ್ಲಿ ನಿಲ್ಲಿಸಿದ್ದೇನೆ ಪ್ಯಾರಿಜಾನಳ ರಕ್ತವನ್ನು
ಬೆಳಗಿನ ಒಂಬತ್ತೂ ಹತ್ತಕ್ಕೆ.
ಅಲುಗಿಸುವಂತಿಲ್ಲ. ಫ್ಯಾನು ಆರಿಸಿದ್ದೇನೆ.
ಹತ್ತೂ ಹತ್ತಕ್ಕೆ ಬಂದು ನೋಡಬೇಕು
ಕೆಂಪು ಎಷ್ಟು ಇಳಿಯಿತು, ಮೇಲೆ ಎಷ್ಟು ಉಳಿಯಿತು
ಗಂಜಿತಿಳಿಯಂಥ ಹಳದಿ ನೀರು.

ನನ್ನ ಕೆಲಸ ಇಷ್ಟೆ, ಇಳಿದದ್ದನ್ನು ಅಳೆಯುವುದು.
ಯಾಕೆ ಇಳಿಯಿತೆಂದು ಹೇಳುವವರು ಬೇರೆ,
ಅವರ ಬಾಗಿಲಿಗೆ ಪರದೆಯುಂಟು, ಬೇರೆ ಟೋಕನ್ನು.

ಆರೋಗ್ಯದ ರಕ್ತ ಸೋಮಾರಿ.
ಕಣಕಣವೂ ಬಿಡಿಬಿಡಿಯಾಗಿ ತೇಲುತ್ತ
ಉಂಡಾದ ಮೇಲಿನ ಮಾತಿನ ಹಾಗೆ
ಇಳಿಯಲೋ ಬೇಡವೋ ಎನ್ನುತ್ತದೆ.
ಒಳಗೆಲ್ಲೋ ಬೆಂಕಿ ಬಿದ್ದ ಮೈಯ ರಕ್ತ ಹಾಗಲ್ಲ,
ಒಂದಕ್ಕೊಂದು ಅಂಟಿ, ಬಿಲ್ಲೆಯ ಮೇಲೆ ಬಿಲ್ಲೆ ಕೂತು
ಬಳೆಗಾರನ ಮಲಾರದಂತೆ ಸಾಲುಗಟ್ಟಿ
ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಹೊರಗೆ ಬೆಂಚಿನ ಮೇಲೆ ಅವಳು.
ಐವತ್ತೆಂಟು ಎಂದು ಬರೆಸಿದಳು, ಅರವತ್ತೂ ಇರಬಹುದು.
ಮುಂಗೈ ತುಂಬ ಕಾದ ಮರಳು ಸಿಡಿದ ಚುಕ್ಕಿಗಳು;
ಸೂಜಿಗೆ ನರ ಹುಡುಕುವಾಗ
ಅವುಗಳ ನಡುವೆ ದಾರಿ ಮಾಡಿಕೊಂಡೆ.
ಮೂವತ್ತೊಂದು ವರ್ಷ ಭಟ್ಟಿಯ ಸಾಲಿನಲ್ಲಿ
ನಸುಕಿನ ಮೂರಕ್ಕೆದ್ದು ಹೊಟ್ಟು ಸುರಿದು,
ಹೊಟ್ಟು ಸಾಲದ ದಿನ ಹಳೇ ಟೈರಿನ ತುಂಡು ತುರುಕಿ
ದಾವಣಗೆರೆಯ ಸಂಜೆಗಳಿಗೆಲ್ಲ ಮಂಡಕ್ಕಿ ಹುರಿದವಳು.
ಮಿರ್ಚಿ ಜೊತೆ ನಾನೂ ತಿಂದಿದ್ದೇನೆ. ನಿನ್ನೆ ಕೂಡ.

ಕೆಮ್ಮಿದರೆ ಬೆಂಚು ಅಲುಗುತ್ತದೆ.
ಪಕ್ಕದವನು ಅತ್ತ ಸರಿಯುತ್ತಾನೆ.
"ಅಂಟೋ ಕೆಮ್ಮಲ್ಲ ಅಣ್ಣಾ, ಭಟ್ಟೀದು" ಅನ್ನುತ್ತಾಳೆ,
ತನ್ನ ಊರಿನ ಹೆಸರು ಹೇಳಿದ ಹಾಗೆ.

ಕಾಯುವ ಹೊತ್ತಿನಲ್ಲಿ ಇನ್ನೊಂದು ಪರೀಕ್ಷೆ.
ಕಪ್ಪು ಬಿಲ್ಲೆಯ ಮೇಲೆ ಅವಳ ತಿಳಿಯದೊಂದು ಹನಿ,
ಹಾಲಿನಂಥ ದ್ರವದ ಒಂದು ಹನಿ,
ಕಡ್ಡಿಯಲ್ಲಿ ಕದಡಿ ಎರಡು ನಿಮಿಷ ತೂಗಿದರೆ
ಹಾಲು ಒಡೆದು ಬಿಳಿ ನುಚ್ಚು.
ಸಿಆರ್‌ಪಿ ಪಾಸಿಟಿವ್ ಎಂದು ಬರೆದೆ.
ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ನೇರಳೆ ಹಚ್ಚಿಕೊಂಡ ಜನ.
ನೂರರಲ್ಲಿ ಎಂಬತ್ತೆರಡು ನ್ಯೂಟ್ರೋಫಿಲ್,
ಲಿಂಫೋಸೈಟ್ ಎಣಿಸಲು ಹತ್ತು ಬೆರಳು ಸಾಕಾಯಿತು.
ಬೆಂಕಿ ಎಂದರೆ ಓಡಿಬರುವವರು ಅಷ್ಟು,
ನೆನಪಿಟ್ಟುಕೊಳ್ಳುವವರು ಇಷ್ಟೇ.

ಆದರೆ ಇವು ಯಾವುವೂ ವಿಳಾಸ ಹೇಳುವುದಿಲ್ಲ.
ಹೊಗೆ ಎದ್ದಿದೆ; ಒಲೆ ಹೊತ್ತಿದ್ದೋ, ಮನೆ ಹೊತ್ತಿದ್ದೋ.
ವರ್ಷಗಟ್ಟಲೆ ಬೂದಿ ಮುಚ್ಚಿಕೊಂಡ ಉಸಿರುನಾಳದ ಕೆಂಡಕ್ಕೂ ಇದೇ ಅಂಕಿ.
ಎಕ್ಸ್‌ರೇಯ ಬಲಗಡೆ, ಮೇಲೆ, ನಿಂಬೆಕಾಯಿಯಷ್ಟು,
ಡಾಕ್ಟರು ಪೆನ್ಸಿಲ್ಲಿನಲ್ಲಿ ಸುತ್ತಿ ಪ್ರಶ್ನೆಚಿಹ್ನೆ ಇಟ್ಟ
ಆ ಬಿಳುಪಿಗೂ ಇದೇ.
ಎರಡೂ ಕೂಡಿಯೇ ಇದ್ದರೆ?
ಆಗಲೂ ಅಂಕಿಗೆ ಇರುವುದು ಒಂದೇ ಬಾಯಿ.

ಹತ್ತೂ ಹತ್ತು. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದೆ.
ತೊಂಬತ್ತಾರು.
ಮೂವತ್ತರೊಳಗೆ ನಿಲ್ಲಬೇಕಿತ್ತು.

ಕಿಟಕಿಯ ಸರಳಿಗೆ ಮುಖವಿಟ್ಟು ಕೇಳಿದಳು, "ಎಷ್ಟ್ ಬಂತು ಬೇಟಿ?"
ಹೇಳಬಾರದು. ಹೇಳಿಬಿಟ್ಟೆ.
"ನೂರಕ್ಕಾ?"
ಮುಖ ಅರಳಿತು,
ಕಾದ ಮರಳಿಗೆ ಬಿದ್ದ ಅಕ್ಕಿಯ ಹಾಗೆ, ಒಂದೇ ಸಲಕ್ಕೆ.
"ನೋಡು, ಸಾಲಿ ಮೆಟ್ಟಿಲು ಹತ್ತಿದವಳಲ್ಲ ನಾನು.
ನಮ್ ಶಿರೀನ್‌ಗೂ ಇಷ್ಟು ಬಂದಿಲ್ಲ, ಎಸ್ಸೆಸೆಲ್ಸಿಲಿ."
ಬೆಂಚಿನವರೆಲ್ಲ ನಕ್ಕರು. ಅವಳೂ ನಕ್ಕು, ನಗು ಕೆಮ್ಮಾಗಿ,
ಕೆಮ್ಮು ನಿಲ್ಲುವವರೆಗೆ ಸರಳು ಹಿಡಿದು ನಿಂತಳು.

"ಪಾಸಾದ ಮೇಲೂ ಸ್ಕ್ಯಾನು ಯಾಕವ್ವಾ?"

ಟೋಕನ್ನು ಕೊಟ್ಟೆ. ಪರದೆಯ ಬಾಗಿಲು ತೋರಿಸಿದೆ.
ವರದಿಯನ್ನು ಮಂಡಕ್ಕಿ ಪೊಟ್ಟಣದಂತೆ ಮಡಿಸಿ
ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು,
ಗೋಡೆ ಹಿಡಿದು, ಮಧ್ಯೆ ಎರಡು ಕಡೆ ನಿಂತು.

ನಳಿಗೆ ತೊಳೆಯಲು ಎತ್ತಿಕೊಂಡಾಗ
ಹತ್ತೂ ಇಪ್ಪತ್ತೈದು.
ಕೆಂಪು ಇನ್ನೂ ಇಳಿಯುತ್ತಲೇ ಇತ್ತು,
ಯಾರೂ ಓದದ ಗೆರೆಗಳನ್ನು ದಾಟಿ.